ದುಂಡು ಮೂಲೆ

ಮೈಸೂರು ಗಾಡಿ ಇಳಿದು ಹುಬ್ಬಳ್ಳಿ ಗಾಡಿ ಹತ್ತುವ ನಡುವೆ
ನಲವತ್ತು ನಿಮಿಷ. ಅಷ್ಟರಲ್ಲೇ ಜೀವ ಬರಬೇಕು
ಒಡೆದ ಗಾಜಿಗೆ, ಉಬ್ಬಿದ ಬ್ಯಾಟರಿಗೆ.
ಅರಸೀಕೆರೆ ಜಂಕ್ಷನ್ನಿನ ಹೊರಬಾಗಿಲಿಗೆ ನನ್ನಂಗಡಿ,
ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು.

ಬೆಳಿಗ್ಗೆ ವಡೆ ಸುತ್ತಿಕೊಂಡು ಬಂದ ಪೇಪರಿನಲ್ಲಿ
ಎಣ್ಣೆ ಕುಡಿದ ಒಂದು ಸುದ್ದಿ:
ಸಮುದ್ರದಾಚೆ ಎರಡು ಕಂಪನಿ
ಕೋರ್ಟಿನಲ್ಲಿ ಜುಟ್ಟು ಜುಟ್ಟು ಹಿಡಿದು ನಿಂತಿವೆಯಂತೆ.
ಫೋನಿನ ಮೂಲೆ ದುಂಡಗಿದೆಯಲ್ಲ,
ಆ ದುಂಡು ನಂದು ಅಂತ ಒಬ್ಬ.
ಬೆರಳಲ್ಲಿ ಸವರಿದರೆ ಬೀಗ ಬಿಚ್ಚುತ್ತದಲ್ಲ,
ಆ ಸವರುವುದು ನಂದು ಅಂತ ಇನ್ನೊಬ್ಬ.
ದಂಡ ಎಷ್ಟೆಂದು ಸೊನ್ನೆ ಎಣಿಸುತ್ತ ಹೋದೆ,
ಕೊನೆಯ ಸೊನ್ನೆಗಳನ್ನು ಎಣ್ಣೆ ನುಂಗಿತ್ತು.

ಒಂದನೇ ಕ್ಲಾಸಿನ ನನ್ನ ಸ್ಲೇಟು,
ನನಗಿಂತ ಮೊದಲು ಅಣ್ಣ, ಅವನಿಗೂ ಮೊದಲು ಅತ್ತೆ ಮಗಳು ಹಿಡಿದದ್ದು.
ಚೌಕಟ್ಟಿನ ನಾಲ್ಕು ಮೂಲೆಯೂ
ಚೀಲದಲ್ಲಿ, ಜಗಲಿಯಲ್ಲಿ, ಒಬ್ಬರ ತಲೆಗೊಬ್ಬರು ಕುಟ್ಟಿದ್ದರಲ್ಲಿ
ಸವೆದು ದುಂಡಗಾಗಿದ್ದವು.
ಬೆರಳಿಗೆ ಉಗುಳು ಹಚ್ಚಿ ಸವರಿದರೆ
ಇಡೀ ಕಾಗುಣಿತ ಮಾಯ.
ಯಾವ ವಕೀಲರೂ ಬರಲಿಲ್ಲ.

ನನ್ನ ಡ್ರಾಯರಿನಲ್ಲಿ ಆ ಎರಡೂ ಕಂಪನಿಯ ಹೆಣಗಳು
ಒಂದರ ಮೇಲೊಂದು ಮಲಗಿವೆ, ಮುಖ ಕಳಚಿಟ್ಟು.
ಅದರ ಸ್ಕ್ರೂ ಇದಕ್ಕೆ ಹಾಕಿದ್ದೇನೆ, ಹಿಡಿಯುತ್ತದೆ.
ಇದರ ಸ್ಪೀಕರಿನಲ್ಲಿ ಅದು ಮೂರು ವರ್ಷದಿಂದ ಮಾತಾಡುತ್ತಿದೆ
ಬಾಣಾವರದ ಮೇಷ್ಟರ ಜೇಬಿನಲ್ಲಿ.
ಹೊಸ ಫೋನುಗಳು ಮಾತ್ರ ಚಾಡಿಕೋರ.
ಬೇರೆ ಬ್ಯಾಟರಿ ಕೂರಿಸಿದರೆ ಪರದೆ ತುಂಬ ದೂರು:
ಈ ಭಾಗ ನಮ್ಮದಲ್ಲ.
ಗಿರಾಕಿಯ ಮೇಲೆ ರೇಗುವಾಗ ನನ್ನ ಬಾಯಿಂದ
ಅಮ್ಮನ ಗೊಣಗು ಹೊರಟರೆ
ಹಣೆಯ ಮೇಲೆ ಹಾಗೇ ಮೂಡಬೇಕಿತ್ತು.

ಕೊಬ್ಬರಿ ಮಂಡಿಯ ಷಡಕ್ಷರಣ್ಣ ಮೊನ್ನೆ
ಹೊಸ ಫೋನು ಬೋರಲು ಹಾಕಿ ತೋರಿಸಿದ:
‘ಬೆನ್ನಿಗೆ ಮೂರು ಕಣ್ಣಕ್ಕ! ಇವರನ್ನ ನೋಡಿ
ಅವರೂ ಮೂರೇ ಇಟ್ಟವರೆ.
ತೆಂಗಿನಕಾಯಿ ಕೇಸು ಹಾಕಿದರೆ ಇಬ್ಬರೂ ಒಳಗೆ.’

ನಕ್ಕು ತಲೆ ಎತ್ತಿದರೆ ಎದುರಿಗೆ
ತಿಪ್ಪೇಶಿಯ ಬೋರ್ಡು.
ನಾಲ್ಕು ವರ್ಷ ನನ್ನ ಮಗ್ಗುಲಲ್ಲಿ ಕೂತು ಕಲಿತವನು.
ಅದೇ ಹಳದಿಗೆ ಅದೇ ಕೆಂಪಕ್ಷರ,
ದುರಸ್ತಿಗೆ ನನ್ನ ಪೇಂಟರು ತಪ್ಪಿ ಕೊಟ್ಟ
ಮಹಾಪ್ರಾಣವನ್ನೂ ಬಿಟ್ಟಿಲ್ಲ.
ಗಾಜು ಎಬ್ಬಿಸಲು ಹಳೇ ರೈಲ್ವೆ ಪಾಸು ಕತ್ತರಿಸಿದ ಚಕ್ಕೆ,
ಸ್ಕ್ರೂ ಉರುಳದಂತೆ ತೆಂಗಿನ ಕರಟ,
ನನ್ನ ಮೇಜಿನದೆಲ್ಲ ಅವನ ಮೇಜಿನಲ್ಲೂ.
ಕೂಲಿ ಮಾತ್ರ ಮೂವತ್ತು ರೂಪಾಯಿ ಕಮ್ಮಿ.

ರಾತ್ರಿ ಮಲಗಿದರೆ ಎದೆಯೊಳಗೊಂದು ಪುಟ್ಟ ಕೋರ್ಟು.
ನಾನೇ ವಾದಿ, ನಾನೇ ಜಡ್ಜು,
ದಂಡದ ಸೊನ್ನೆಗಳನ್ನೂ ನಾನೇ ಬರೆಯುವವಳು.
ಸಾಕ್ಷಿಗೆ ಕೂಗಿದರೆ ಎದ್ದು ಬರುವವರು
ಹಾಸನದ ಕಟ್ಟಿನಕೆರೆ ಮಗ್ಗುಲಿನ
ರೇಡಿಯೋ ರಿಪೇರಿ ಇಲಿಯಾಸ್ ಸಾಬರು,
ಕನ್ನಡಕ ಹಣೆಗೇರಿಸಿ:
‘ಆ ಕರಟ ನನ್ನ ಮೇಜಿಂದಲ್ಲವೇನಮ್ಮ?’

ಸಂಬಳವಿಲ್ಲದ ಹದಿನೆಂಟು ತಿಂಗಳು.
ಅವರು ಕಲಿಸಲಿಲ್ಲ,
ಭುಜದ ಮೇಲಿಂದ ಇಣುಕಲು ಬಿಟ್ಟರು.
ಬಿಟ್ಟರೋ, ನಾನು ಕದ್ದೆನೋ,
ಅವರು ಹೋಗಿ ಆರು ವರ್ಷ, ತೀರ್ಪು ಬಾಕಿ.

ಇವತ್ತು ಐದೂ ಹತ್ತರ ಗಾಡಿಗೆ ಹೊರಟ ಹುಡುಗಿ,
ನರ್ಸಿಂಗ್ ಪರೀಕ್ಷೆಯ ಹಾಲ್ ಟಿಕೆಟ್ಟು ಫೋನಿನೊಳಗೆ,
ಚಾರ್ಜಿನ ಬಾಯಿ ಸುಟ್ಟಿದೆ.
ನನ್ನ ಹೆಣಗಳಲ್ಲಿ ಯಾವುದಕ್ಕೂ ಆ ಬಾಯಿಲ್ಲ.
ಗಡಿಯಾರ ನೋಡಿದೆ. ಹುಡುಗಿಯನ್ನು ನೋಡಿದೆ.
ರಸ್ತೆ ದಾಟಿದೆ.

ತಿಪ್ಪೇಶಿ ಮಾತಾಡಲಿಲ್ಲ.
ಬಿಡಿಭಾಗದ ಕರಟ ನನ್ನ ಕಡೆ ತಳ್ಳಿದ, ಆರಿಸಿಕೋ ಅನ್ನುವ ಹಾಗೆ.
ಆರಿಸುವಾಗ ಅದರ ಅಂಚು ಬೆರಳಿಗೆ ತಾಕಿತು:
ಉಜ್ಜಿ ನಯ ಮಾಡಿದ್ದಾನೆ, ಸುತ್ತಲೂ.
ನನ್ನದು ಇವತ್ತಿಗೂ ಗೀರುತ್ತದೆ.

ಇಷ್ಟು ವರ್ಷ ಅದೊಂದು ನನಗೆ ಹೊಳೆದಿರಲಿಲ್ಲ.
ನಾಳೆ ಉಪ್ಪುಕಾಗದ ತರಬೇಕು,
ಅವನು ನೋಡದ ಹೊತ್ತು ನೋಡಿಕೊಂಡು.