ಪಟ್ಟಿ

ಪ್ರೆಸ್ಸಿನ ರಾಚಯ್ಯ ರಸೀದಿಯ ನಮೂನೆ ತೋರಿಸಿ ಕೇಳಿದ:
“ಮ್ಯಾಲೆ ಯಾವ ದೇವರ ಹೆಸರು ಹಾಕ್ಲಿ, ಟೀಚರ?”
ಗಣಪ್ಪ, ಉರುಸು, ಗುಡಿಯ ಕಳಸ,
ಈ ಊರಲ್ಲಿ ಪಟ್ಟಿ ಎತ್ತುವುದು ಅವಕ್ಕೇ.
ಯಾವುದೂ ಬೇಡ ಅಂದೆ.
ಬೋಳು ಹಣೆಯ ರಸೀದಿ ನೋಡಿ
ಅವನಿಗೇ ಸಮಾಧಾನವಾಗದೆ
ಸಣ್ಣದೊಂದು ಹೂಬಳ್ಳಿ ಇಟ್ಟ, ರೊಕ್ಕ ಹಿಡಿಯದೆ.

ಬೇಕಾದದ್ದು ಮೂರು ಲಕ್ಷ ಎಂಬತ್ತು ಸಾವಿರ.
ವಿಮಾನ, ವಿಮೆ, ವೀಸಾ,
ಎರಡು ವರ್ಷದ ಊಟ,
ಬೆಂಗಳೂರಿಗೇ ಹೋಗಿ ಚುಚ್ಚಿಸಿಕೊಳ್ಳಬೇಕಾದ
ಹಳದಿ ಜ್ವರದ ಸೂಜಿ.
ಕೆಲಸಕ್ಕೆ ಪಗಾರ ಇಲ್ಲ.
“ಪಗಾರಿಲ್ಲದ ನೌಕರಿಗೆ
ನಾವು ರೊಕ್ಕಾ ಕೊಟ್ಟು ಕಳಸಬೇಕೇನವಾ?”
ಹೌದ್ರೀ.
ಅನ್ನುವಾಗ ನಾಲಿಗೆ ಒಣಗುತ್ತದೆ.
ಆದರೂ, ಹೌದ್ರೀ.

ಹೋಗುವ ಊರು ಗುಲು, ಉಗಾಂಡಾದ ಬಡಗಣಕ್ಕೆ.
ಚಹಾದಂಗಡಿಯ ದಾವಲಸಾಬ ನಕ್ಕ:
“ಗುಳೇದಗುಡ್ಡದಾಕಿ ಗುಲೂಕ ಗುಳೆ!”
ನಗುತ್ತಲೇ ಗಲ್ಲಾ ತೆರೆದು
ಐನೂರರ ನೋಟು ಎರಡು ಸಲ ಎಣಿಸಿದ.
ಇದ್ದದ್ದು ಒಂದೇ.

“ಇಲ್ಲಿ ಹುಡುಗ್ರಿಲ್ಲೇನು?”
ಕೇಳಿದವರು ಬಹಳ.
ಉತ್ತರ ಬಾಯಿಪಾಠ ಮಾಡಿಟ್ಟಿದ್ದೆ:
ಅಲ್ಲಿ ನೂರಾ ನಲವತ್ತು ಕಿವುಡ ಮಕ್ಕಳು, ಇಬ್ಬರೇ ಟೀಚರು…
ಸಂತೆಯಲ್ಲಿ ಬದನೆಕಾಯಿಯ ಬೆಲೆ ಕೂಗಿದ ಹಾಗೆ
ಕೂಗುತ್ತಿದ್ದೆ, ಅವರು ಮುಂದೆ ಹೋಗುತ್ತಿದ್ದರು.
ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ತಿಪ್ಪವ್ವ ಮಾತ್ರ
ಲಾಳಿ ನಿಲ್ಲಿಸಿ
ಉತ್ತರಕ್ಕೆ ಕಾದಳು.
ನನ್ನ ಬಾಯಿಪಾಠ ಅಲ್ಲೇ ಎಳೆ ಕಡಿಯಿತು.
“ಅದಾರ,” ಅಂದೆ, “ಅದಕ್ಕ ನಿದ್ದಿ ಬರವಲ್ದು.”
ಅವಳು ರೊಕ್ಕ ಕೊಡಲಿಲ್ಲ.
ಆನೆಹೆಜ್ಜೆಯ ಖಣ ಒಂದು ಗಜ ಕತ್ತರಿಸಿ
“ಅಲ್ಲಿ ಕುಬಸ ತೊಡ್ತಾರೋ ಇಲ್ಲೋ,
ಚೀಲಾನಾದ್ರೂ ಹೊಲಿ” ಅಂದು
ಮತ್ತೆ ತುಳಿಯತೊಡಗಿದಳು.

ಹೊಲಿದೆ. ಓಣಿಯಿಂದ ಓಣಿಗೆ ಸುದ್ದಿ ಹೋಗಿ
ಖಣದ ತುಂಡುಗಳು ಮನೆಗೇ ಬರತೊಡಗಿದವು,
ಕ್ಯಾದಗಿ, ಶಿವದಾರ, ಬಣ್ಣ ಬಿಟ್ಟವು, ಎಳೆ ತಪ್ಪಿದವು.
ಐತವಾರ ಬಾದಾಮಿಯಲ್ಲಿ, ಗವಿಯ ಮೆಟ್ಟಿಲ ಬುಡದಲ್ಲಿ ಕೂತು
ಚೀಲಕ್ಕೆ ನೂರಾ ಹತ್ತರಂತೆ ಮಾರಿದೆ.
ಒಂದನ್ನು ಕೋತಿ ಕಸಿದುಕೊಂಡು ಬಂಡೆ ಹತ್ತಿತು.
ವಹಿಯಲ್ಲಿ ಬರೆದೆ:
ಕೋತಿ, ನೂರಾ ಹತ್ತು, ಬಾಕಿ.

ರಾತ್ರಿ ಮೊಬೈಲು ಗೋಡೆಗೆ ಆನಿಸಿಟ್ಟು
ಅಲ್ಲಿಯ ಕೈಭಾಷೆ ಕಲಿಯುತ್ತೇನೆ.
ನಮ್ಮ ಕೈಯಲ್ಲಿ ಅವ್ವ ಅಂದರೆ
ಮೂಗುಬೊಟ್ಟಿನ ಜಾಗ.
ಅಲ್ಲಿಯ ಅವ್ವ ಬೇರೆ ಕಡೆ ಇದ್ದಾಳೆ.
ಎಷ್ಟು ಸಲ ಹುಡುಕಿ ಹೊರಟರೂ
ಬೆರಳು ಮೂಗಿಗೇ ಓಡಿ ಬರುತ್ತದೆ.

ನನ್ನ ಮಕ್ಕಳಿಗೆ ಕೊನೆಗೆ ಹೇಳಿದೆ.
ನೆರೆಮನೆಯ ಗೋಡೆಗೆ ಅಂಗೈ ಇಟ್ಟು
ಯಾವ ಮಗ್ಗ ನಿಂತಿತೆಂದು ಹೇಳಬಲ್ಲ ಮಕ್ಕಳು.
ಅವರ ಮುಂದೆ ಸುತ್ತು ಬಳಸಿ ಮಾತಾಡಲಾಗುವುದಿಲ್ಲ.
ನಕಾಶೆ ಬಿಚ್ಚಿ, ಸಮುದ್ರದ ನೀಲಿ ದಾಟಿಸಿ
ಬೆರಳು ಇಟ್ಟೆ.
ಏಳು ವರ್ಷದ ತಸ್ಲೀಮಾ ಕೇಳಿದಳು:
ಇಲ್ಲಿಗೆ ಯಾರು?
ಗೊತ್ತಿಲ್ಲ, ಅಂದೆ. ಬೆಳಗಾವಿಗೆ ಅರ್ಜಿ ಹೋಗಿದೆ.
ಬಹಳ ಹೊತ್ತು ನನ್ನ ಮುಖ ನೋಡಿದಳು,
ಸುಳ್ಳು ಹುಡುಕುವವಳ ಹಾಗೆ.
ಆಮೇಲೆ ಕೇಳಿದಳು: ಆ ಊರಿಗೆ ಕೈ ಹೆಸರು?
ಅದೂ ಗೊತ್ತಿರಲಿಲ್ಲ.

ಅವಳೇ ಇಟ್ಟಳು.
ಬಲಗೈ ಲಾಳಿಯ ಹಾಗೆ ಸರ್ರನೆ
ಎಡಕ್ಕೆ ಹೋಯಿತು,
ತಿರುಗಿ ಬಂತು.
ಬರುವುದನ್ನೂ ಹೆಸರಲ್ಲೇ ನೇಯ್ದುಬಿಟ್ಟಿದ್ದಳು, ನನ್ನ ಕೇಳದೆ.
ನಾನು ತಿದ್ದಲಿಲ್ಲ.
ಈಗ ಇಡೀ ಕ್ಲಾಸಿನಲ್ಲಿ ಉಗಾಂಡಾ ಅಂದರೆ ಅದೇ.

ಇನ್ನೂ ಐವತ್ತೆರಡು ಸಾವಿರ ಕಡಿಮೆ.
ಪುಸ್ತಕದಲ್ಲಿ ಹನ್ನೊಂದು ರಸೀದಿ ಉಳಿದಿವೆ,
ಹನ್ನೊಂದು ಹೂಬಳ್ಳಿ.
ನಾಳೆ ಕಮತಗಿ ಕಡೆ ಹೋಗಬೇಕು,
ಬಿಸಿಲೇರುವುದರೊಳಗೆ.