ಏಳನೇ ಕಿಂಡಿಯ ಅಡಿಹಲಗೆ

ಮಟ್ಟುವಿನ ಹೊಳೆ ಬೆಳಗ್ಗೆ ಕಡಲಿಗೆ ಹರಿಯುತ್ತದೆ,
ಮಧ್ಯಾಹ್ನ ಕಡಲು ಬಿಟ್ಟು ಗದ್ದೆಗೆ.
ನಡುವೆ ಅರ್ಧ ಗಳಿಗೆ ಎತ್ತಲೂ ಇಲ್ಲ.
ಅಷ್ಟರೊಳಗೆ ಹಲಗೆ ಇಳಿಯಬೇಕು, ಎರಡೆರಡು ಸಾಲು,
ಸಾಲುಗಳ ನಡುವೆ ಆವೆಮಣ್ಣು, ತುಳಿದು, ತುಳಿದು.

ನಾನು ಸಣ್ಣ ನೀರಾವರಿಯ ಕಿರಿಯ ಇಂಜಿನಿಯರು,
ಕೆಲಸಕ್ಕೆ ಸೇರಿ ಹತ್ತೊಂಬತ್ತು ದಿನ.
ಕೈಯಲ್ಲಿ ಉಪ್ಪಳೆಯುವ ಮೀಟರು, ಕಾಲಲ್ಲಿ ಹೊಸ ಬೂಟು.
ತನಿಯ ಕೋಟ್ಯಾನರ ಕೈಯಲ್ಲಿ ಬಣ್ಣದ ಡಬ್ಬಿ:
ಹಲಗೆಗೊಂದು ನಂಬರು, ಕಿಂಡಿಗೊಂದು ಬಣ್ಣ.

ಹನ್ನೊಂದು ಕಿಂಡಿ ಮುಗಿದವು. ಏಳನೆಯದು ಬಾಯಿ ತೆರೆದೇ ಇದೆ.
ಒಂದನೇ ನಂಬರು ಶೆಡ್ಡಿನಲ್ಲಿಲ್ಲ, ರಿಜಿಸ್ಟರಿನಲ್ಲಿದೆ.

ಕೋಟ್ಯಾನ್ ಗಂಟಲು ಸರಿಮಾಡಿಕೊಂಡರು.
"ಜುಲೈಯ ನೆರೆಗೆ ಪೊಂಪೆ ಪೊರ್ಬುಗಳು ತೀರಿಕೊಂಡದ್ದು.
ಮನೆಯೊಳಗೆ ಮೊಣಕಾಲು ನೀರು, ಮಂಚ ತೇಲುತ್ತಿತ್ತು.
ಮಲಗಿಸಲಿಕ್ಕೆ ನಾನೇ ಕೊಟ್ಟೆ ಮೇಡಂ,
ದೋಣಿ ಬರುವ ತನಕ."

ರಿಜಿಸ್ಟರಿನಲ್ಲಿ ಇದಕ್ಕೆ ಕಾಲಮ್ಮಿಲ್ಲ.

ದುಲ್ಸಿನ್ ಬಾಯಿಯ ಅಂಗಳದಲ್ಲಿ ಗುಳ್ಳದ ಸಸಿ,
ಗೋಡೆಗೊರಗಿ ಹಲಗೆ.
ಬೂದಿ ಹಾಕಿ ತಿಕ್ಕಿದ್ದು ಇನ್ನೂ ಬೆಳ್ಳಗೆ.
"ತರಲಿಕ್ಕೆ ನಾಚಿಕೆಯಾಯಿತು," ಅಂದರು. "ಹೆಣದ ಹಲಗೆ.
ಬೇಡ ಅಂದರೆ ಸೌದೆ ಮಾಡುತ್ತೇನೆ."

ಕೋಟ್ಯಾನ್ ನನ್ನ ಮುಖ ನೋಡಿದರು. ನಾನು ಮೀಟರು ನೋಡಿದೆ.
ಕಾಲೇಜಿನದು ಒಂದೇ ನೆನಪಾಯಿತು:
ನೀರಿನ ಒತ್ತಡ ಬರೆದರೆ ತ್ರಿಕೋನ,
ಮೇಲೆ ಸೊನ್ನೆ, ಇಳಿದಷ್ಟೂ ಅಗಲ;
ಎಲ್ಲಕ್ಕಿಂತ ಹೆಚ್ಚು ಅಡಿಯ ಹಲಗೆಗೇ.
ಅದಕ್ಕೇ ಅದು ದಪ್ಪ, ಅದಕ್ಕೇ ಕಿರಾಲ್‌ಬೋಗಿ,
ಅದಕ್ಕೇ ಅಷ್ಟೆತ್ತರದ ಆಳನ್ನು ಬಗ್ಗದೆ ಹೊತ್ತದ್ದು.

"ಹಾಕುವ," ಅಂದೆ. ಬೇರೆ ಮಾತು ಹೊಳೆಯಲಿಲ್ಲ.

ಇಳಿತ ನಿಂತಿತು. ಕಂಬದ ಸೀಳಿನೊಳಗೆ ಹಲಗೆ ಜಾರಿ
ತಳ ಮುಟ್ಟಿದ್ದು ಕಾಣಲಿಲ್ಲ, ಕೇಳಿಸಿತು.
ಮೇಲೆ ಎರಡು, ಮೂರು, ನಾಲ್ಕು.
ಕೋಟ್ಯಾನ್ ಮಣ್ಣು ತುಳಿದರು. ದುಲ್ಸಿನ್ ಬಾಯಿಯೂ
ಸೀರೆ ಎತ್ತಿ ಕಟ್ಟಿ ಇಳಿದರು; ಯಾರೂ ಕರೆದಿರಲಿಲ್ಲ.
ನಾನು ಬೂಟು ಬಿಚ್ಚಿದೆ.

ಮರುದಿನದ ಉಬ್ಬರಕ್ಕೆ ಕೆಳಗಡೆ ಮೀಟರು ಇಟ್ಟೆ: ಕಡಲು.
ಮೇಲ್ಗಡೆ ಇಟ್ಟೆ: ನಿನ್ನೆಗಿಂತ ಕಡಿಮೆ, ತುಸುವೇ.
ಸೋರುತ್ತದೆ. ಯಾವ ಹಲಗೆಯೂ ಪೂರ್ತಿ ತಡೆಯುವುದಿಲ್ಲ.
ಎಷ್ಟು ಸೋರಿದರೂ ಗುಳ್ಳ ಬದುಕೀತು,
ಅದೊಂದೇ ಲೆಕ್ಕ, ಅದನ್ನು ದಿನಾ ಹೊಸತಾಗಿ ಮಾಡಬೇಕು.

ಸಂಜೆ ಬರೆದೆ: ಏಳನೇ ಕಿಂಡಿ, ಹಲಗೆ ಒಂದು,
ಬಳಕೆಯಲ್ಲಿದೆ. ಸ್ಥಿತಿ ಉತ್ತಮ.
ಜುಲೈಯಿಂದ ಎಂದು ಬರೆಯಬೇಕೋ, ನಿನ್ನೆಯಿಂದಲೋ,
ತಿಳಿಯದೆ ತಾರೀಕಿನ ಜಾಗ ಖಾಲಿ ಬಿಟ್ಟೆ.