ಬರಕತ್ತು

ಉದಗೀರದ ದವಾಖಾನೆಯ ಹಿಂದೆ ಅಮ್ಮಿಗೆ ಮಣ್ಣು ಕೊಟ್ಟ ಸಂಜೆ
ಬೀದರಿನ ಬಸ್ಸಿಗೆ ನನ್ನನ್ನು ಎತ್ತಿ ಹತ್ತಿಸಿದವಳು
ನಮಗೆ ಏನೂ ಆಗಬೇಕಾದವಳಲ್ಲ. ಹುಸೇನಾಬಿ.
ನಮ್ಮ ಓಣಿಯ ಕಾರ್ಖಾನೆಯಲ್ಲಿ
ಎರಕದಿಂದ ಇಳಿದ ಹೂಜಿಗಳನ್ನು ಕಾನಸಿನಿಂದ ಉಜ್ಜಿ
ಉಗುರ ಸಂದಿನಲ್ಲಿ ಜಸ್ತದ ಪುಡಿ ಹೊತ್ತು ಮನೆಗೆ ಹೋಗುವವಳು.
ಅಬ್ಬಾ ನಾನು ಹುಟ್ಟುವ ಮೊದಲೇ ತೀರಿದ್ದರು.
ನನಗಾಗ ಆರು. ಮುಂದಿನ ಎರಡು ಹಲ್ಲು ಬಿದ್ದಿದ್ದವು.

ಮೂವರ ಸೀಟು. ಕಿಟಕಿಗೆ ನಾನು, ಈ ತುದಿಗೆ ಅವಳು,
ನಡುವೆ ಅಮ್ಮಿಯ ಬುರ್ಖಾದ ಗಂಟು.
ಕಮಲನಗರದಲ್ಲಿ ಮಂದಿ ನುಗ್ಗಿದರು.
"ಯವ್ವಾ, ಗಂಟು ಕೆಳಗಿಡು," ಕಂಡಕ್ಟರ್.
"ಅಲ್ಲಿ ಆಳು ಅದಾರ್ರಿ," ಎಂದಳು.
ಅವನು ನನ್ನ ಮುಖ ನೋಡಿ
ಬಾಯಿಗೆ ಬಂದದ್ದನ್ನು ನುಂಗಿ, ಸೀಟಿ ಊದಿದ.

ಭಾಲ್ಕಿ ದಾಟಿದ ಮೇಲೆ ಒಳಗಿನ ದೀಪ ಆರಿತು.
"ನಿನ್ನಷ್ಟೇ ಇದ್ರು ನೋಡು ಅವರು, ಲಾಡ್ಲೆ. ಆರು ವರ್ಷದವರು."
ಆರು ವರ್ಷಕ್ಕೆ ಬಹುವಚನ:
ಯಾರೆಂದು ನನಗೆ ಅದರಲ್ಲೇ ತಿಳಿಯಿತು.
"ತಂದಿ ಗೋರಿ ತೋರಸ್ಲಕ ತಾಯಿ ಕರ್ಕೊಂಡು ಹೋಗಿದ್ದಳು.
ಎರಡು ಒಂಟಿ. ಹೊಳ್ಳಿ ಬರಾಗ ಅಬ್ವಾ ಅಂತ ಒಂದು ಹಳ್ಳಿ.
ಅಲ್ಲಿ ತಾಯಿಗಿ ಆರಾಮ ತಪ್ಪಿತು. ಅಲ್ಲೇ ಮಣ್ಣು."

ಆ ಹೆಸರು ಬಂದಾಗ ನಮ್ಮವರು
ಹೆಬ್ಬೆರಳಿಗೆ ಮುತ್ತಿಟ್ಟು ಕಣ್ಣಿಗೊತ್ತಿಕೊಳ್ಳುತ್ತಾರೆ.
ಗಂಟಿನ ಮೇಲೆ ಹಾಯ್ದು ಅವಳ ಎರಡೂ ಕೈಯೊಳಗೆ
ನನ್ನ ಕೈ ಇತ್ತು. ಬಿಡಲಿಲ್ಲ. ಹಾಗೇ ಎತ್ತಿದಳು.
ಅವಳ ಕಣ್ಣಿಗೆ ಹತ್ತಿದ್ದು ನನ್ನ ಹೆಬ್ಬೆರಳು.
ಹಸಿ ಇತ್ತು.

ಮೋಡ ನೆರಳು ಹಿಡಿದದ್ದು, ಎದೆ ತೊಳೆದ ಬಿಳಿ ಬಟ್ಟೆಯವರು,
ಹಲೀಮಾಳ ಬಡಕಲು ಕತ್ತೆ ಎಲ್ಲರನ್ನೂ ಹಿಂದೆ ಹಾಕಿದ್ದು,
ಅವೆಲ್ಲ ಮೌಲೂದಿನ ರಾತ್ರಿ ಹಜರತರ ಪಾಲಿಗೆ.
"ಆಕಾಶದ ಸುದ್ದಿ ಅವರು ಹೇಳ್ತಾರ. ನಂದು ರೊಟ್ಟಿ ಸುದ್ದಿ.
ಅಲ್ಲಿಂದ ಮಕ್ಕಾ ಎಷ್ಟು ದಿನದ ಹಾದಿ! ಯಾರು ಉಣಿಸಿದ್ರು?
ರಾತ್ರಿ ಎದ್ದು ತಾಯೀನ ಕೇಳಿದ್ರ ಯಾರು ಏನಂದ್ರು?
ಬರಕಾ. ಹಬ್ಶಿ ಹೆಣಮಗಳು. ಮನೀ ಆಳು.
ಆಕಿಗೂ ಭಾಳ ವಯಸ್ಸಿಲ್ಲ.
ಆ ಕರೇ ಕೈ ಹಿಡ್ಕೊಂಡು ಊರು ಮುಟ್ಟಿದ್ರು ಅವರು.
ಹಿಟ್ಟಿನ ಡಬ್ಬಿ ಮುಚ್ಚಾಗ ನಾವು
ಬರಕತ್ತು ಬರಕತ್ತು ಅಂತೀವಲ್ಲ, ಅದು ಆಕಿ ಹೆಸರು."

"ಎರಡನೇ ಒಂಟಿ ಮ್ಯಾಲ ಯಾರು ಕುಂತ್ರು?" ಕೇಳಿದೆ.
ಹಲಬರ್ಗಾ ಬಂತು, ಹೋಯಿತು.
"ಖಾಲಿ ಬಂತಪ್ಪ. ಹಿಂದ ಹಿಂದ ಬಂತು."

ಸಾಲೆಗೆ ಹಚ್ಚುವಾಗ ಮಾಸ್ತರರು
ಸಂಬಂಧದ ಖಾನೆಗೆ ಪೆನ್ನು ಇಟ್ಟು ತಲೆ ಎತ್ತಿದರು.
"ದಾರ್ಯಾಗ ಸಿಕ್ಕಾನ್ರಿ," ಎಂದಳು.
ಅವರು ಅದನ್ನು ಖಾಲಿ ಬಿಟ್ಟರು.

ದೊಡ್ಡವರಾದ ಮೇಲೆ ಅವರು ಬರಕಾಳನ್ನು
ತಾಯಿಯ ನಂತರದ ತಾಯಿ ಎಂದು ಕರೆದರಂತೆ.
ಹುಸೇನಾಬಿ ಇದನ್ನು ಹೇಳಿರಲಿಲ್ಲ.
ಅವಳನ್ನು ಹಬ್ಶಿಕೋಟದ ಇಳುಕಲಿನ ಕೆಂಪು ಮಣ್ಣಿಗೆ ಒಪ್ಪಿಸಿ
ಎಷ್ಟೋ ವರ್ಷದ ಮೇಲೆ ಒಂದು ಶುಕ್ರವಾರ ಮಸೀದಿಯಲ್ಲಿ ಕೇಳಿದೆ.
ಎಲ್ಲ ಹೇಳಿದವಳು ಅದೊಂದನ್ನು ಹೇಗೆ ಮರೆತಾಳು?
ಹೇಳಿದರೆ ಬೇಡಿದಂತಾಗುತ್ತದೆ
ಎಂದು ಬಿಟ್ಟಳು.

ಈಗ ಕಿಲ್ಲೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ಆರಿಸುವವನು ನಾನು,
ಬಿಸಿಲು ಮಳೆ ಕಾಣದ ಮಣ್ಣು.
ಅದರಲ್ಲಿ ಕುದಿಸಿದರೆ ಜಸ್ತ ಕಪ್ಪಾಗುತ್ತದೆ, ಬೆಳ್ಳಿ ಆಗುವುದಿಲ್ಲ.
ಹೋದ ವರ್ಷ ಹೈದರಾಬಾದಿನ ಸೇಠ್ ಒಬ್ಬರು
ಒಂಟೆಗಳ ಜೋಡಿ ಬೇಕೆಂದರು.
ಒಂದಕ್ಕೆ ಜೀನು ತುಂಬ ಬೆಳ್ಳಿಯ ಬಳ್ಳಿ ಕೂಡಿಸಿದೆ.
ಇನ್ನೊಂದಕ್ಕೆ ಕೈ ಏಳಲಿಲ್ಲ.
"ಕೆಲಸ ಅರ್ಧಕ್ಕೆ ನಿಂತದ," ಎಂದು
ಒಂದನ್ನೇ ಒಯ್ದರು, ಅರ್ಧ ರೊಕ್ಕ ಮುರಿದುಕೊಂಡು.
ಮತ್ತೊಂದು ನಮ್ಮ ಅಡುಗೆಮನೆಯಲ್ಲಿದೆ,
ಹಿಟ್ಟಿನ ಡಬ್ಬಿಯ ಪಕ್ಕ, ಬಾಗಿಲಿಗೆ ಮುಖ ಮಾಡಿ.